ನೀರಿಲ್ಲದ ಗಡ್ಡಿಗಳು

"ಗಡ್ಡಿ ಅಂದ್ರ ಕಾಯಂ ಗಡ್ಡಿ ಅಲ್ರೀ ಸರ. ಡ್ಯಾಮಿನ ಗೇಟ್ ತೆಗದ್ರ ಇದು ಗಡ್ಡಿ. ಬ್ಯಾಸಗ್ಯಾಗ ಬರ್ರಿ, ಬಂಡಿ ಮ್ಯಾಲೆ ಕಾಲಿಟ್ಕೋಂತ ನಡದ ಹೋಗಬೋದು."

ಆನೆಗೊಂದಿಯ ದಡದಿಂದ ಹರಿಗೋಲು ಬಿಡುತ್ತ ಅಂಬಿಗರ ಅಣ್ಣ ಹೀಗೆಂದಾಗ ತುಂಗಭದ್ರೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಬಿದಿರು ಹೆಣೆದ ದುಂಡನೆಯ ಬುಟ್ಟಿ. ಅದರ ಹೊಟ್ಟೆಗೆ ಹಿಂದೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಹುಟ್ಟನ್ನು ಒಂದೇ ಕಡೆ ಹಾಕಿದರೆ ಇದ್ದಲ್ಲೇ ಗಿರಗಿರನೆ ತಿರುಗುತ್ತದೆ. ನಮ್ಮ ಕಡೆ ಹೊಳೆಯ ನಡುವಿನ ನೆಲಕ್ಕೆ ಗಡ್ಡಿ ಅನ್ನುತ್ತಾರೆ. ಒಂಬತ್ತು ಯತಿಗಳ ಬೃಂದಾವನಗಳಿರುವ ನವಬೃಂದಾವನ ಒಂದು ಗಡ್ಡಿ, ವಿರೂಪಾಪುರ ಗಡ್ಡಿ ಇನ್ನೊಂದು. 2019ರ ಆಗಸ್ಟಿನ ಪ್ರವಾಹದಲ್ಲಿ ಅಲ್ಲಿ ಸಿಕ್ಕಿಕೊಂಡ ಪ್ರವಾಸಿಗರನ್ನು ಹೊರತರಲು ರಕ್ಷಣಾ ಪಡೆಯವರೇ ಬರಬೇಕಾಯಿತು. ಮರುವರ್ಷ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಅಲ್ಲಿನ ರೆಸಾರ್ಟುಗಳನ್ನು ಕೆಡವಿದರು.

ನಾನು ಸುಮ್ಮನೆ ಕೇಳಿದೆ: "ಅಣ್ಣಾರ, ನಿಮಗ ಹೆಣ್ಣು ಎಲ್ಲಿಂದ ತಂದಿದ್ರು?"

"ಆಚಿ ದಂಡೀದ್ರಿ, ಕಂಪ್ಲಿ ಕಡೆದು. ನಮ್ಮ ಮಂದಿನ. ಹೊಳಿ ದಾಟಿ ಕೊಡ್ತೀವ್ರಿ, ತರ್ತೀವ್ರಿ. ಮಂದಿ ದಾಟಂಗಿಲ್ಲ."

ಹೊಳೆ ದಾಟುತ್ತೇವೆ, ಮಂದಿ ದಾಟುವುದಿಲ್ಲ. ಕೊಪ್ಪಳ ಜಿಲ್ಲೆಯಲ್ಲಿ ನಾನು ಆ ವಾರ ತಿರುಗಿದ್ದೆಲ್ಲ ಈ ಮಾತಿನ ಬೆನ್ನು ಹಿಡಿದೇ. ದ್ವೀಪವಾಸಿಗಳ ವಂಶವಾಹಿಗಳ ಬಗ್ಗೆ ಕೆಲವು ವರ್ಷಗಳಿಂದ ಓದುತ್ತ ಬಂದಿದ್ದೇನೆ. ಅಂಡಮಾನಿನ ಓಂಗಿಗಳು, ಪೆಸಿಫಿಕ್ ಸಾಗರದ ಪಿಂಗೆಲಾಪಿನವರು. ಸಮುದ್ರ ಅವರನ್ನು ಬೇರೆಯವರಿಂದ ಬೇರ್ಪಡಿಸಿತು, ಬೇರ್ಪಟ್ಟವರ ರಕ್ತದಲ್ಲಿ ಕೆಲವು ಗುಣಗಳು ಗಟ್ಟಿಯಾಗಿ ಉಳಿದವು. ಓದುತ್ತ ಓದುತ್ತ ನನಗೆ ಕಾಣತೊಡಗಿದ್ದು ನಮ್ಮದೇ ಎರೆಹೊಲ, ನಮ್ಮದೇ ಬೀಗರ ಊರುಗಳು.

ಮರುದಿನ ಹಿರೇಬೆಣಕಲ್ ಗುಡ್ಡ ಹತ್ತಿದೆ. ಗಂಗಾವತಿಯಿಂದ ಪಶ್ಚಿಮಕ್ಕೆ ಹತ್ತು ಕಿಲೋಮೀಟರಿನಷ್ಟು ದೂರ. ಮುಂದೆ ಕುರಿ ಕಾಯುವ ಅಜ್ಜ, ಹಿಂದೆ ನಾನು. ಮುಳ್ಳುಕಂಟಿ ಸರಿಸುತ್ತ ಬಂಡೆಯಿಂದ ಬಂಡೆಗೆ ಕಾಲಿಡುತ್ತ ಮೇಲೆ ಹೋದರೆ ಒಮ್ಮೆಲೇ ಒಂದು ಊರು ಎದುರಾಗುತ್ತದೆ. ಸತ್ತವರ ಊರು. ನಾನೂರಕ್ಕೂ ಹೆಚ್ಚು ಶಿಲಾ ಸಮಾಧಿಗಳು. ಮೂರು ಕಡೆ ಚಪ್ಪಡಿ ನಿಲ್ಲಿಸಿ, ನಾಲ್ಕನೆಯದರಲ್ಲಿ ದುಂಡಗೆ ಕಿಂಡಿ ಕೊರೆದು, ಮೇಲೊಂದು ಚಪ್ಪಡಿ ಹೇರಿದ ಮನೆಗಳು. ಕ್ರಿ.ಪೂ. 800ರಿಂದ ಕ್ರಿ.ಪೂ. 200ರ ನಡುವಿನವು ಎಂದು ಪುರಾತತ್ವದವರ ಲೆಕ್ಕ. ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ 1835ರಲ್ಲಿ ಇದರ ಬಗ್ಗೆ ಬರೆದ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ಇಷ್ಟಾದರೂ ನಾನು ಹೋದ ದಿನ ಅಲ್ಲಿ ನಾವಿಬ್ಬರೇ.

ಒಂದು ಕಿಂಡಿಯೊಳಗೆ ಕೈ ಹಾಕಿದೆ. ಮೊಣಕೈವರೆಗೆ ಸಲೀಸಾಗಿ ಹೋಯಿತು. ಹೊರಗೆ ಬಿಸಿಲಿಗೆ ಕಾದ ಕಲ್ಲು, ಒಳಗೆ ಗಡಿಗೆಯ ನೀರಿನ ತಂಪು. ಕಿಂಡಿಯ ಅಂಚು ಒರಟಾಗಿಲ್ಲ. ಒಬ್ಬ ಮನುಷ್ಯ ದಿನಗಟ್ಟಲೆ ಕುಳಿತು ಕುಟ್ಟಿ, ಉಜ್ಜಿ, ಕೈಗೆ ಚುಚ್ಚದ ಹಾಗೆ ಮಾಡಿಟ್ಟಿದ್ದಾನೆ. ಸತ್ತವರಿಗೆ ಏನನ್ನೋ ಕೊಡಲು ಮತ್ತೆ ಮತ್ತೆ ಕೈ ಹಾಕಬೇಕಾಗುತ್ತಿತ್ತೇನೋ. ಎತ್ತರದ ಬಂಡೆಯೊಂದರ ಮೇಲೆ ಅರೆಗೋಳದ ಕಲ್ಲಿನ ನಗಾರಿ ಇದೆ. ಅಜ್ಜ ಕಟ್ಟಿಗೆಯಿಂದ ಹೊಡೆದ. ಗುಡ್ಡ ಗುಂಯ್ ಎಂದಿತು. ಕೆಳಗಿನ ಊರಿಗೂ ಕೇಳುತ್ತದಂತೆ.

"ಇವು ಮೋರ್ಯಾರ ಮನಿ, ಯಪ್ಪಾ. ಮೋರ್ಯಾರು ಅಂದ್ರ ಗಿಡ್ಡ ಮಂದಿ, ಮೂರು ಮೊಳ ಇದ್ರಂತ. ಬೆಂಕಿ ಮಳಿ ಸುರೀತಂತ. ಕಲ್ಲಿನ ಮನ್ಯಾಗ ಹೊಕ್ಕು ಕುಂತ್ರಂತ, ಕುಂತಲ್ಲೇ ಸತ್ರಂತ. ಅವ್ರು ನಮ್ಮ ಮಂದಿ ಅಲ್ಲ ಬಿಡಪಾ."

ದೊಡ್ಡ ಮನೆಗಳಲ್ಲಿ ಆರಡಿ ಆಳು ನೆಟ್ಟಗೆ ನಿಲ್ಲಬಹುದು. ನಾನೇ ನಿಂತು ನೋಡಿದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಎತ್ತರದ ಲೆಕ್ಕವಲ್ಲ, ಅಜ್ಜನ ಕಡೆಯ ಮಾತು. ನಮ್ಮ ಮಂದಿ ಅಲ್ಲ.

ಈ ಗುಡ್ಡದ ಸತ್ತವರ ರಕ್ತಸಂಬಂಧವನ್ನು ಮೂಳೆಯಿಂದ ಓದಿ ತೋರಿಸುವುದು ಸುಲಭವಲ್ಲ. ನಮ್ಮ ಬಿಸಿಲು, ನಮ್ಮ ಮಳೆ ಡಿಎನ್‌ಎ ಉಳಿಯಗೊಡುವುದಿಲ್ಲ. ಹರಿಯಾಣದ ರಾಖಿಗಢಿಯಲ್ಲಿ ಅರವತ್ತಕ್ಕೂ ಹೆಚ್ಚು ಮಾದರಿಗಳನ್ನು ಜಾಲಾಡಿದ ಮೇಲೆ ಒಬ್ಬಳೇ ಒಬ್ಬ ಹೆಣ್ಣುಮಗಳ ಡಿಎನ್‌ಎ ಕೈಗೆ ಸಿಕ್ಕಿತು, 2019ರಲ್ಲಿ ಪ್ರಕಟವಾಯಿತು. ಆದರೆ ಸತ್ತವರ ಕಥೆ ಬದುಕಿರುವವರ ಮೈಯಲ್ಲೂ ಬರೆದಿರುತ್ತದೆ. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ಲಾಲ್‌ಜಿ ಸಿಂಗ್, ಕೆ. ತಂಗರಾಜ್ ಮತ್ತು ಅಮೆರಿಕದ ಡೇವಿಡ್ ರೈಕ್ ಅವರ ತಂಡ 2009ರಲ್ಲಿ ಇಪ್ಪತ್ತೈದು ಸಮುದಾಯಗಳ ನೂರಮೂವತ್ತೆರಡು ಜನರ ಡಿಎನ್‌ಎ ಓದಿ ಹೇಳಿದ್ದು ಇದು: ಭಾರತದ ಹೆಚ್ಚುಕಡಿಮೆ ಎಲ್ಲ ಸಮುದಾಯಗಳೂ ಎರಡು ಹಳೆಯ ಮೂಲಗಳ ಬೆರಕೆ. ಒಂದು ಮೂಲದವರು ಇರಾನ್, ಮಧ್ಯ ಏಷ್ಯಾ, ಯುರೋಪಿನವರಿಗೆ ದೂರದ ನಂಟರು. ಇನ್ನೊಂದು ಮೂಲದವರು ಈ ನೆಲದ ಹಳಬರು. ಆ ಹಳಬರಿಗೆ ಇವತ್ತು ಉಳಿದಿರುವ ಹತ್ತಿರದ ನಂಟರೆಂದರೆ ಲಿಟ್ಲ್ ಅಂಡಮಾನಿನ ಓಂಗಿಗಳು. ಅವರ ಜನಸಂಖ್ಯೆ ನೂರರ ಆಸುಪಾಸು.

ಸಮುದ್ರದ ನಡುವಿನ ನೂರು ಮಂದಿಯ ಕಡೆ ಬೆರಳು ತೋರಿಸಿ, ಇವರ ದಾಯಾದಿಗಳೇ ನಿಮ್ಮ ಮುತ್ತಜ್ಜಂದಿರು ಎಂದು ವಿಜ್ಞಾನ ಹೇಳುತ್ತಿದೆ. ಬೆರಕೆ ನಡೆದದ್ದು ಯಾವಾಗ ಎಂದು ಅದೇ ತಂಡ 2013ರಲ್ಲಿ ಲೆಕ್ಕ ಹಾಕಿತು. ಇಂದಿಗೆ ಸುಮಾರು 4,200 ವರ್ಷಗಳ ಹಿಂದಿನಿಂದ 1,900 ವರ್ಷಗಳ ಹಿಂದಿನವರೆಗೆ. ಆ ಕಾಲದಲ್ಲಿ ಮೇಲಿನವರು ಕೆಳಗಿನವರು ಅನ್ನದೆ, ದೂರದ ಕಾಡಿನವರನ್ನೂ ಬಿಡದೆ, ಎಲ್ಲರೂ ಎಲ್ಲರೊಂದಿಗೆ ಬೆರೆತರು. ಆಮೇಲೆ ಬಾಗಿಲು ಹಾಕಿಕೊಂಡರು. ಹಿರೇಬೆಣಕಲ್ಲಿನ ಚಪ್ಪಡಿ ಎತ್ತಿದವರು ಬದುಕಿದ್ದು ಬಾಗಿಲು ತೆರೆದಿದ್ದ ಕಾಲದಲ್ಲಿ. ಅವರಿಗೆ ಬೆಂಕಿ ಮಳೆ ಬಿದ್ದು ವಂಶ ಮುಗಿಯಿತು ಎಂದು ನಂಬಲು ನನ್ನಿಂದ ಆಗದು. ಅಜ್ಜನ ಮುಖ ನೋಡಿದೆ. ಬೆಂಕಿಪೊಟ್ಟಣ ಹುಡುಕುತ್ತಿದ್ದ.

"ಯಜ್ಜಾ, ಅವ್ರು ನಮ್ಮ ಮಂದಿನ ಇರಬೇಕು ನೋಡ."

ಅಜ್ಜ ಬೀಡಿ ಹಚ್ಚಿ, ಕಿಂಡಿಯ ಕಡೆ ಸ್ವಲ್ಪ ಹೊತ್ತು ನೋಡಿ, "ಇದ್ರೂ ಇರಬೋದು, ಯಾರಿಗ್ಗೊತ್ತು" ಎಂದ.

ಗಂಗಾವತಿಗೆ ಇಳಿದರೆ ಬೇರೆಯದೇ ಲೋಕ. 1945ರಲ್ಲಿ ತುಂಗಭದ್ರಾ ಅಣೆಕಟ್ಟಿನ ಕೆಲಸ ಶುರುವಾಯಿತು, 1953ರಲ್ಲಿ ಕಾಲುವೆಗೆ ನೀರು ಬಂತು. ನೀರಿನ ಹಿಂದೆಯೇ ಕರಾವಳಿ ಆಂಧ್ರದ ರೈತರು ಬಂದು ಜಮೀನು ಕೊಂಡು ಕ್ಯಾಂಪು ಕಟ್ಟಿದರು. ಜೋಳದ ಸೀಮೆ ಭತ್ತದ ಕಣಜವಾಯಿತು. ಶ್ರೀರಾಮನಗರದಂಥ ಕ್ಯಾಂಪುಗಳಲ್ಲಿ ಮೂರನೆಯ ತಲೆಮಾರಿನ ಹುಡುಗರು ನಮ್ಮ ಹಾಗೆಯೇ "ಏನ್ರಿ, ಬರ್ರಿ" ಅನ್ನುತ್ತಾರೆ, ಮನೆಯೊಳಗೆ ತೆಲುಗು, ಹೆಣ್ಣು ನೋಡಲು ಹೋಗುವುದು ಇಂದಿಗೂ ಗೋದಾವರಿ ಕಡೆಗೆ. ಪಕ್ಕದ ಸಿಂಧನೂರಿನ ಆರ್‌ಎಚ್ ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿಗಳಿದ್ದಾರೆ. ಅವರಂತೆಯೇ ನೆಲ ಕಳೆದುಕೊಂಡ ಇನ್ನೆಷ್ಟೋ ಕುಟುಂಬಗಳನ್ನು ಸರ್ಕಾರ ಅಂಡಮಾನಿಗೆ ಕಳಿಸಿತ್ತು. ಕೆಲವರ ಪಾಲಿಗೆ ನಿಜವಾದ ದ್ವೀಪ, ಕೆಲವರ ಪಾಲಿಗೆ ನಮ್ಮ ಕಪ್ಪು ನೆಲ.

ಗಂಗಾವತಿಯಲ್ಲಿ ನನ್ನ ಕಾಲೇಜು ದೋಸ್ತನಿದ್ದಾನೆ. ಆರ್ಯವೈಶ್ಯರ ಮನೆತನ, ಅಪ್ಪನ ಕಾಲದ ರೈಸ್ ಮಿಲ್. ಕೆಲವು ವರ್ಷಗಳ ಹಿಂದೆ ಅವನಿಗೆ ಹರ್ನಿಯಾ ಆಪರೇಷನ್ ಆಯಿತು. ಯಾವ ಆಸ್ಪತ್ರೆ ಎಂಬುದು ಇಲ್ಲಿ ಬೇಡ. ಅರ್ಧ ತಾಸಿನಲ್ಲಿ ಎಚ್ಚರಾಗಬೇಕಾದವನು ಸಂಜೆಯವರೆಗೆ ವೆಂಟಿಲೇಟರ್ ಮೇಲಿದ್ದ.

"ಎಲ್ಲಾ ಕೇಳಸ್ತಿತ್ತಪಾ," ಎಂದ, ಮಿಲ್ಲಿನ ಗದ್ದಿಗೆಯ ಮೇಲೆ ಕೂತು ಅಕ್ಕಿಯ ಮಾದರಿಯನ್ನು ಅಂಗೈಯಲ್ಲಿ ಹರವುತ್ತ. "ಡಾಕ್ಟರು ಮಾತಾಡೋದು, ನರ್ಸು ಓಡಾಡೋದು, ಹೊರಗ ನಮ್ಮಾಕಿ ಅಳೋದು. ಕಣ್ಣು ತೆಗಿಯಾಕ ಆಗವಲ್ದು. ಉಸಿರು ನಂದಲ್ಲ, ಮಷೀನಿಂದು. ಸತ್ತೆ ಅನ್ಕೊಂಡೆ."

ಅರಿವಳಿಕೆ ಕೊಡುವಾಗ ಗಂಟಲಿಗೆ ಕೊಳವೆ ಇಳಿಸಲು ಸಕ್ಸಿನೈಲ್‌ಕೋಲಿನ್ ಎಂಬ ಔಷಧ ಬಳಸುವುದುಂಟು. ಅದು ಸ್ನಾಯುಗಳನ್ನು ಕೆಲವೇ ನಿಮಿಷ ಸಡಿಲ ಮಾಡುತ್ತದೆ, ರಕ್ತದಲ್ಲಿರುವ ಒಂದು ಕಿಣ್ವ ಅದನ್ನು ಒಡೆದು ಹಾಕುತ್ತದೆ. ಆ ಕಿಣ್ವ ಹುಟ್ಟಿನಿಂದಲೇ ಇಲ್ಲದವರಿಗೆ ನಿಮಿಷಗಳ ಕೆಲಸ ತಾಸುಗಟ್ಟಲೆ ಎಳೆಯುತ್ತದೆ, ಉಸಿರಾಟದ ಸ್ನಾಯುವೂ ಮಲಗಿರುತ್ತದೆ. ಈ ಕೊರತೆ ಆರ್ಯವೈಶ್ಯ ಸಮುದಾಯದಲ್ಲಿ ಬೇರೆಯವರಿಗಿಂತ ಸುಮಾರು ನೂರು ಪಟ್ಟು ಹೆಚ್ಚು. ಮೂವತ್ತು ಲಕ್ಷಕ್ಕೂ ಹೆಚ್ಚಿರುವ ಈ ಸಮುದಾಯ ನೂರು ತಲೆಮಾರುಗಳಿಗೂ ಹಿಂದೆ ಸಣ್ಣದೊಂದು ಗುಂಪಿನಿಂದ ಬೆಳೆಯಿತು, ಅಂದಿನಿಂದ ಹೊರಗಿನವರೊಂದಿಗೆ ಬೆರೆತದ್ದು ತೀರ ಕಡಿಮೆ ಎಂಬುದನ್ನೂ ಅವರ ಡಿಎನ್‌ಎ ಹೇಳುತ್ತದೆ.

ಬಿತ್ತನೆಯ ಲೆಕ್ಕದಲ್ಲಿ ಹೇಳುತ್ತೇನೆ. ಊರ ಕಣದ ರಾಶಿಯಿಂದ ಒಬ್ಬ ಒಂದು ಹಿಡಿ ಜೋಳ ಒಯ್ದು ಬಿತ್ತುತ್ತಾನೆ. ಆ ಹಿಡಿಯಲ್ಲಿ ಒಂದು ಕಾಳಿಗೆ ಸಣ್ಣ ದೋಷವಿದೆ. ರಾಶಿಯಲ್ಲಿ ಅದು ಲಕ್ಷಕ್ಕೊಂದು, ಹಿಡಿಯಲ್ಲಿ ನೂರಕ್ಕೊಂದು. ವರ್ಷವರ್ಷವೂ ಅದೇ ಹೊಲದ ಬೀಜವನ್ನೇ ಬಿತ್ತಿದರೆ, ಹೊಲ ಸಾವಿರ ಎಕರೆಯಾದರೂ ನೂರಕ್ಕೊಂದು ಉಳಿದೇ ಉಳಿಯುತ್ತದೆ. ಹೊಲ ದೊಡ್ಡದಾಯಿತೆಂದು ಹಿಡಿ ದೊಡ್ಡದಾಗುವುದಿಲ್ಲ. 2017ರಲ್ಲಿ ಇದೇ ಸಂಶೋಧಕರ ಬಳಗ ದಕ್ಷಿಣ ಏಷ್ಯಾದ 263 ಸಮುದಾಯಗಳನ್ನು ಪರೀಕ್ಷಿಸಿತು. ಅವುಗಳಲ್ಲಿ 81 ಸಮುದಾಯಗಳ ಹಿಡಿ, ಇದೇ ಕಾರಣಕ್ಕೆ ವೈದ್ಯಲೋಕದಲ್ಲಿ ಹೆಸರಾದ ಫಿನ್ಲೆಂಡಿನವರು ಮತ್ತು ಅಷ್ಕೆನಾಜಿ ಯಹೂದಿಗಳ ಹಿಡಿಗಿಂತಲೂ ಬಿಗಿಯಾದದ್ದು. ಆ 81ರಲ್ಲಿ ಹದಿನಾಲ್ಕು ಸಮುದಾಯಗಳ ಜನಸಂಖ್ಯೆ ತಲಾ ಹತ್ತು ಲಕ್ಷ ದಾಟುತ್ತದೆ. ಹತ್ತು ಲಕ್ಷ ಜನರ ದ್ವೀಪಗಳು, ಸುತ್ತ ಒಂದು ಹನಿ ನೀರಿಲ್ಲ.

ಇದು ಒಂದು ಜಾತಿಯನ್ನು ಹಿಡಿದು ಆಡುವ ಮಾತಲ್ಲ. ದೋಷವಿರುವ ಕಾಳು ಪ್ರತಿಯೊಂದು ಹಿಡಿಯಲ್ಲೂ ಇದೆ, ಹೆಸರು ಬೇರೆ ಬೇರೆ. ಮಲೆನಾಡಿನ ಸಾಗರ ತಾಲ್ಲೂಕಿನಲ್ಲಿ 1970ರ ದಶಕದ ನಡುವಿನಲ್ಲಿ ಬೆಳಕಿಗೆ ಬಂದ ಹಂದಿಗೋಡು ಕಾಯಿಲೆ ನೆನೆಯಿರಿ. ಸೊಂಟ, ಮೊಣಕಾಲು ಸವೆದು, ಮೈ ಕುಗ್ಗಿ, ಬಡ ದಲಿತ ಕುಟುಂಬಗಳು ತಲೆಮಾರಿನಿಂದ ತಲೆಮಾರಿಗೆ ನೋವನ್ನು ಆಸ್ತಿಯಂತೆ ಹೊತ್ತವು. ಅದೂ ವಂಶವಾಹಿಯದೇ ಕೆಲಸ. ಮಿಲ್ಲಿನ ದೋಸ್ತನಿಗೆ ಹೇಳಿ ಕೇಳುವ ವೈದ್ಯರಿದ್ದರು. ಆ ಮನೆಗಳ ನೋವು ಎಷ್ಟು ವರ್ಷ ಯಾರ ಕಿವಿಗೂ ಬೀಳಲಿಲ್ಲ ಎಂಬುದು ನನ್ನನ್ನು ಈಗಲೂ ಕಾಡುತ್ತದೆ.

ಕುಷ್ಟಗಿ ನನ್ನ ತಾಯಿಯ ತವರು. ಇಲ್ಲಿ ಕಾಲುವೆ ಇಲ್ಲ, ಭತ್ತವಿಲ್ಲ. ಸಜ್ಜೆ, ತೊಗರಿ, ಒಂದಿಷ್ಟು ದಾಳಿಂಬೆ. ಮಳೆ ಕೈಕೊಟ್ಟ ವರ್ಷ ಮಂದಿ ಗೋವಾ, ಮಂಗಳೂರು, ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ನನ್ನ ಅಕ್ಕನನ್ನು ಸೋದರಮಾವನಿಗೇ ಕೊಟ್ಟರು. "ಮನಿ ಹೆಣ್ಣು ಮನ್ಯಾಗ ಇರ್ಲಿ" ಎಂದಳು ಅಜ್ಜಿ. ಅದರಲ್ಲಿ ಕೇಡು ಬಗೆಯುವ ಮನಸ್ಸು ಎಳ್ಳಷ್ಟೂ ಇರಲಿಲ್ಲ. ಹೊಲ ಒಡೆಯುವುದಿಲ್ಲ, ಅತ್ತೆ ಹೊಸಬಳಲ್ಲ, ಮಗಳು ಅಳುವಾಗ ಬಾಗಿಲು ಬಡಿಯಲು ತನ್ನವರೇ ಇರುತ್ತಾರೆ. ಮಳೆ ನಂಬದ ಸೀಮೆಯಲ್ಲಿ ನಂಟರನ್ನಲ್ಲದೆ ಇನ್ನು ಯಾರನ್ನು ನಂಬುವುದು? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಮದುವೆಗಳು ಇಂದಿಗೂ ಸಂಬಂಧದಲ್ಲೇ ಆಗುತ್ತವೆ.

ಅಕ್ಕನ ಎರಡನೆಯ ಮಗನಿಗೆ ಎರಡು ವರ್ಷವಾಗಿತ್ತು. ಒಂದು ಮಧ್ಯಾಹ್ನ ಅಟ್ಟದ ಮೇಲಿಂದ ತಾಮ್ರದ ಕೊಡ ಪಡಸಾಲೆಯ ಬಂಡೆಯ ಮೇಲೆ ಬಿತ್ತು. ಹಿತ್ತಲಲ್ಲಿದ್ದ ನಾವೆಲ್ಲ ಓಡಿ ಬಂದೆವು. ಕೊಡ ಉರುಳುತ್ತ ಹೋಗಿ ತೊಟ್ಟಿಲಿಗೆ ತಾಗಿ ನಿಂತಿತ್ತು. ಮಗು ಮಗ್ಗುಲು ಸಹ ಬದಲಿಸಿರಲಿಲ್ಲ. ಅಕ್ಕ ಕೊಡವನ್ನು ನೋಡಿದಳು, ಮಗುವನ್ನು ನೋಡಿದಳು. ಆಮೇಲೆ ತಾನೇ ಕೊಡ ಎತ್ತಿ ಮತ್ತೊಮ್ಮೆ ನೆಲಕ್ಕೆ ಕುಕ್ಕಿದಳು.

ಗ್ರಹಣದ ದಿನ ಬಸುರಿ ಹೊರಗೆ ಬಂದಿದ್ದಳು ಎಂದರು. ಯಾವ ಜನ್ಮದ ಪಾಪವೋ ಎಂದರು. ಆ ಮಾತುಗಳನ್ನು ಅಕ್ಕ ಹತ್ತಾರು ವರ್ಷ ಹೊತ್ತು ತಿರುಗಿದಳು. ಹುಟ್ಟುಕಿವುಡಿನ ಬಹಳಷ್ಟು ಪ್ರಸಂಗಗಳಲ್ಲಿ ಕೆಲಸ ಮಾಡುವುದು ವಂಶವಾಹಿಯ ದೋಷವೊಂದರ ಎರಡು ಪ್ರತಿಗಳು, ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದೇ ಪ್ರತಿ ಇದ್ದವರಿಗೆ ಏನೂ ಆಗುವುದಿಲ್ಲ, ಗೊತ್ತೂ ಆಗುವುದಿಲ್ಲ. ಸೋದರಮಾವ ಮತ್ತು ಅವನ ಅಕ್ಕನ ಮಗಳು ಸರಾಸರಿ ನಾಲ್ಕರಲ್ಲಿ ಒಂದು ಪಾಲು ವಂಶವಾಹಿಗಳನ್ನು ಹಂಚಿಕೊಂಡಿರುತ್ತಾರೆ. ಅವರ ಮಗುವಿನಲ್ಲಿ ವಂಶವಾಹಿಯ ಯಾವುದೇ ಒಂದು ಜಾಗದಲ್ಲಿ ಒಂದೇ ಪೂರ್ವಜನ ಎರಡು ಪ್ರತಿ ಕೂಡುವ ಸಂಭವ ಎಂಟರಲ್ಲಿ ಒಂದು. ಸಂಬಂಧದ ಮದುವೆಯ ಮಕ್ಕಳಲ್ಲಿ ಬಹುಪಾಲು ಗಟ್ಟಿಮುಟ್ಟಾಗಿಯೇ ಇರುತ್ತಾರೆ. ಅಕ್ಕನ ಹಿರಿಯ ಮಗನೂ ಹಾಗೇ ಇದ್ದಾನೆ. ಆದರೆ ಕಿರಿಯವನ ಪಾಲಿಗೆ ಬಿದ್ದ ಆ ಎಂಟರಲ್ಲೊಂದಕ್ಕೆ ಗ್ರಹಣವೂ ಕಾರಣವಲ್ಲ, ಅಕ್ಕನ ಪಾಪವೂ ಕಾರಣವಲ್ಲ.

ಪಿಂಗೆಲಾಪಿನ ಕಥೆ ನನಗೆ ಆಗ ಗೊತ್ತಿದ್ದರೆ ಅಕ್ಕನಿಗೆ ಹೇಳುತ್ತಿದ್ದೆ. 1775ರ ಸುಮಾರಿಗೆ ಆ ಪುಟ್ಟ ದ್ವೀಪಕ್ಕೆ ಚಂಡಮಾರುತ ಬಡಿಯಿತು. ಉಳಿದವರು ಇಪ್ಪತ್ತರಷ್ಟು ಜನ. ಅವರಲ್ಲೊಬ್ಬರ ಮೈಯಲ್ಲಿ ಬಣ್ಣ ಕಾಣಿಸದ ದೋಷದ ಒಂದು ಪ್ರತಿ ಅಡಗಿತ್ತು. ಬೇರೆ ಕಡೆ ಮೂವತ್ತು ಸಾವಿರಕ್ಕೊಬ್ಬರಿಗೆ ಬರುವ ಪೂರ್ಣ ಬಣ್ಣಗುರುಡು ಇಂದು ಆ ದ್ವೀಪದವರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಗಿದೆ. ಅವರಿಗೆ ಹಗಲಿನ ಬೆಳಕು ಕಣ್ಣು ಚುಚ್ಚುತ್ತದೆ. ಅಲ್ಲಿ ಬಾಗಿಲು ಮುಚ್ಚಿದ್ದು ಬಿರುಗಾಳಿ. ನಮ್ಮಲ್ಲಿ ಮುಚ್ಚಿದವರು ನಾವೇ, ಅಕ್ಷತೆ ಹಾಕುತ್ತ, ಹರಸುತ್ತ.

ಆ ಕಿರಿಯ ಅಳಿಯ ಈಗ ಕುಷ್ಟಗಿಯಲ್ಲಿ ಬೈಕ್ ರಿಪೇರಿ ಗ್ಯಾರೇಜು ಇಟ್ಟಿದ್ದಾನೆ. ನಾನು ಹೋದಾಗ ಯಾರದೋ ಹಳೆಯ ಹೀರೋ ಹೋಂಡಾ ಚಾಲೂ ಮಾಡಿ, ಟಾಕಿಯ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ನಿಂತಿದ್ದ. ಕೈ ತೆಗೆದು ಬೆರಳಿನಿಂದ ಸೈಲೆನ್ಸರ್ ಕಡೆಗಲ್ಲ, ಟೈಮಿಂಗ್ ಚೈನಿನ ಕಡೆ ತೋರಿಸಿದ. ಬಿಚ್ಚಿದರೆ ಅದೇ ಸವೆದಿತ್ತು.

ಯಲಬುರ್ಗಾದಲ್ಲಿ ನಿಂತದ್ದು ಅರ್ಧ ದಿನ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಇದು ಎರಂಬರಗೆ, ಸಿಂದರ ರಾಜಧಾನಿ. ಸಿಂದರು ಶಾಸನಗಳಲ್ಲಿ ತಮ್ಮನ್ನು ನಾಗವಂಶದವರೆಂದು ಕರೆದುಕೊಂಡರು. ಸೂರ್ಯನಿಂದ, ಚಂದ್ರನಿಂದ, ಹಾವಿನಿಂದ ಹುಟ್ಟಿದೆವೆಂದು ರಾಜರು ಬರೆಸಿದರು, ಸಮುದಾಯಗಳೂ ತಮ್ಮ ತಮ್ಮ ಮೂಲಪುರಾಣ ಹಾಡಿದವು. ತಾಲ್ಲೂಕಿನ ತಾಂಡಾವೊಂದರಲ್ಲಿ ಚಹಾ ಕುಡಿಯುತ್ತ ಕೇಳಿದೆ. ಗೋತ್ರ ಒಂದಾದರೆ ಲಂಬಾಣಿಗಳಲ್ಲಿ ಮದುವೆಯ ಮಾತೇ ಇಲ್ಲ. "ಅಣ್ಣ-ತಂಗಿ ಆಗ್ತಾರಲ್ರೀ" ಎಂದರು ಆ ಮನೆಯ ನಾಯಕರು. ಹತ್ತಿರದ ರಕ್ತ ಬೇಡವೆಂಬ ಎಚ್ಚರ ಪುಸ್ತಕ ಓದದೆಯೂ ಇತ್ತು ಎಂಬುದು ನನಗೆ ಸಮಾಧಾನ ಕೊಟ್ಟಿತು. ಆದರೆ ತಮ್ಮ ಮಂದಿಯ ಆಚೆಗೆ ಕೊಡುವುದು ತರುವುದು ಅವರಲ್ಲೂ ಇಲ್ಲ.

ಕೊನೆಯ ದಿನ ಕೊಪ್ಪಳದ ಗವಿಮಠ. ಜಾತ್ರೆಯ ಹೊತ್ತಿನಲ್ಲಿ ಲಕ್ಷಾಂತರ ಮಂದಿ ಸೇರುವ ಜಾಗ. ಒಂದೇ ದಾಸೋಹ, ಒಂದೇ ಸಾಲು, ಯಾರ ಎಲೆಯ ಪಕ್ಕ ಯಾರು ಎಂದು ಕೇಳುವವರಿಲ್ಲ. ನಾನು ಹೋದ ದಿನ ಬೆಟ್ಟ ನಿಶ್ಶಬ್ದ. ಅಶೋಕನ ಶಾಸನ ಇಲ್ಲಿ ಸಿಕ್ಕಿದ್ದು 1931ರಲ್ಲಿ, ಹತ್ತಿರದ ಪಾಲ್ಕಿಗುಂಡಿನಲ್ಲಿ ಇನ್ನೊಂದು. ಕ್ರಿ.ಪೂ. 3ನೇ ಶತಮಾನದ ಬ್ರಾಹ್ಮಿ ಅಕ್ಷರ, ಪ್ರಾಕೃತ ಭಾಷೆ. ಅದರಲ್ಲಿ ಈ ನೆಲಕ್ಕೆ ಇಟ್ಟ ಹೆಸರು ಜಂಬುದ್ವೀಪ. ಅಲ್ಲಿ ದೇವರೂ ಮನುಷ್ಯರೂ ಇಷ್ಟು ದಿನ ಬೆರೆತಿರಲಿಲ್ಲ, ಈಗ ಬೆರೆತಿದ್ದಾರೆ ಎಂಬ ಭಾವ ಬರುತ್ತದೆ. ಆ ಮಾತಿನ ಅರ್ಥ ಏನೆಂದು ವಿದ್ವಾಂಸರು ಇನ್ನೂ ಚರ್ಚಿಸುತ್ತಾರೆ. ನನಗೆ ಕಂಡದ್ದು ಕಾಲದ ಲೆಕ್ಕ. ಒಬ್ಬ ಕಲ್ಲುಕುಟಿಗ ಈ ಬಂಡೆಯ ಮೇಲೆ ಬೆರೆಯುವ ಮಾತನ್ನು ಕೆತ್ತುತ್ತಿದ್ದ ಹೊತ್ತಿಗೆ, ಕೆಳಗೆ ಬಯಲಿನಲ್ಲಿ ನಮ್ಮ ಹಿರಿಯರು ನಿಜಕ್ಕೂ ಬೆರೆಯುತ್ತಿದ್ದರು. ಬಾಗಿಲು ಮುಚ್ಚಲು ಇನ್ನೂ ಕೆಲವು ತಲೆಮಾರು ಬಾಕಿ ಇತ್ತು.

ಈ ಬರಹ ಓದಿದವರಲ್ಲಿ ನನ್ನದು ಮೂರು ಕೇಳಿಕೆ. ಆಪರೇಷನ್‌ಗೆ ಹೋಗುವಾಗ, ನಿಮ್ಮ ಮನೆತನದಲ್ಲಿ ಯಾರಿಗಾದರೂ ಅರಿವಳಿಕೆಯಿಂದ ಎಚ್ಚರವಾಗಲು ತಡವಾಗಿದ್ದರೆ ಅದನ್ನು ಡಾಕ್ಟರಿಗೆ ಮೊದಲೇ ಹೇಳಿ. ಸಮುದಾಯ ಯಾವುದೆಂದು ಅವರು ಕೇಳಿದರೆ ಸಿಟ್ಟಾಗಬೇಡಿ, ಅದು ನಿಮ್ಮ ಉಸಿರಿನ ಸಲುವಾಗಿ ಕೇಳುವ ಪ್ರಶ್ನೆ. ಸಂಬಂಧದಲ್ಲಿ ಮದುವೆ ಗೊತ್ತಾಗಿದ್ದರೆ, ಮುಹೂರ್ತ ಇಡುವ ಮುಂಚೆ ಒಮ್ಮೆ ವಂಶವಾಹಿ ತಜ್ಞರ ಹತ್ತಿರ ಹೋಗಿ ಬನ್ನಿ. ಹುಟ್ಟಿದ ಕೂಸಿನ ಕಿವಿಯನ್ನು ಮೊದಲ ತಿಂಗಳಲ್ಲೇ ಪರೀಕ್ಷೆ ಮಾಡಿಸಿ. ಕೆಲವು ನಿಮಿಷದ ಕೆಲಸ, ನೋವಿಲ್ಲ, ಮಗು ಮಲಗಿದ್ದಾಗಲೇ ಮಾಡುತ್ತಾರೆ. ಕೊಡ ಬೀಳುವವರೆಗೆ ಕಾಯಬೇಡಿ.